ಕೊಳ್ಳುವುದು ಒಂದು ದಿನ, ಒಲಿಯುವುದು ಹಲವು ವರ್ಷ

(ಸವಾರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಂದು ಹೇಳಲಾಗದೆ ಉಳಿದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಸ್ನೇಹಿತರೇ,

ಮೋಟಾರ್‌ಸೈಕಲ್ ಸವಾರರೊಬ್ಬರನ್ನು ನಿಲ್ಲಿಸಿ, ‘ನೀವು ಇದೇ ಕಂಪನಿಯ ಗಾಡಿಯನ್ನು ಏಕೆ ಇಟ್ಟುಕೊಂಡಿದ್ದೀರಿ?’ ಎಂದು ಕೇಳಿದರೆ, ಎಂಜಿನ್ನಿನ ಶಕ್ತಿ, ಮೈಲೇಜು, ಬಾಳಿಕೆ, ಸರ್ವಿಸ್ ಎಂಬ ನಾಲ್ಕಾರು ಮಾತುಗಳಲ್ಲಿ ಉತ್ತರ ಮುಗಿದುಬಿಡುತ್ತದೆ. ಆ ಉತ್ತರ ಸುಳ್ಳೇನೂ ಅಲ್ಲ. ಆದರೆ ಅಷ್ಟೇ ಶಕ್ತಿಯ, ಅಷ್ಟೇ ಬಾಳಿಕೆಯ ಬೇರೊಂದು ಕಂಪನಿಯ ಗಾಡಿಯನ್ನು ತಂದು ಅವರ ಎದುರು ನಿಲ್ಲಿಸಿದರೂ ಮನಸ್ಸು ಕದಲುವುದಿಲ್ಲ ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಹಾಗಾದರೆ ಅವರನ್ನು ಹಿಡಿದಿಟ್ಟಿರುವುದು ಅವರು ಹೇಳಿದ ಕಾರಣಗಳಿಗಿಂತ ಬೇರೆಯಾದದ್ದು ಏನೋ ಇರಬೇಕು. ಆ ‘ಏನೋ’ ಎಂಬುದನ್ನು ಹುಡುಕುವುದೇ ಇಂದಿನ ನನ್ನ ಕೆಲಸ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಒಂದು ಬ್ರ್ಯಾಂಡನ್ನು ಆರಿಸುವುದು ಮತ್ತು ಅದಕ್ಕೆ ಅಂಟಿಕೊಳ್ಳುವುದು, ಈ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಗಾಢವಾದ ನಿಷ್ಠೆಯನ್ನು ಕಂಡಾಗ ಅದರ ಹಿಂದೆ ಅಷ್ಟೇ ಗಾಢವಾದ ಆಯ್ಕೆ ಇದ್ದಿರಬೇಕೆಂದು ಊಹಿಸಿಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಆಯ್ಕೆ ಬಹಳ ಸಲ ಸಣ್ಣ ಕಾರಣಕ್ಕೆ, ಹೆಚ್ಚು ಯೋಚನೆಯಿಲ್ಲದೆ ಆಗಿಹೋಗುತ್ತದೆ. ನಿಷ್ಠೆ ಮಾತ್ರ ಆಮೇಲೆ, ಸವಾರಿಯ ವರ್ಷಗಳಲ್ಲಿ, ಮೈಯೊಳಗೆ ಮತ್ತು ಜನರ ನಡುವೆ ನಿಧಾನವಾಗಿ ಬೆಳೆಯುತ್ತದೆ.

ನನ್ನ ವಿಷಯವನ್ನೇ ತೆಗೆದುಕೊಳ್ಳಿ. ನಾನು ಬೈಕು ಕಲಿತದ್ದು ಅಣ್ಣನ ಗಾಡಿಯಲ್ಲಿ. ದುಡಿಯಲು ಆರಂಭಿಸಿ ಸ್ವಂತಕ್ಕೆ ಗಾಡಿ ಕೊಳ್ಳುವ ದಿನ ಬಂದಾಗ ಒಂದು ವಾರ ಹೋಲಿಕೆಯ ಪಟ್ಟಿಗಳನ್ನು ಬರೆದೆ, ಮೂರು ಕಂಪನಿಗಳ ಗಾಡಿಗಳನ್ನು ಓಡಿಸಿ ನೋಡಿದೆ, ಕೊನೆಗೆ ಕೊಂಡದ್ದು ಅಣ್ಣನ ಕಂಪನಿಯದನ್ನೇ. ಆ ಪಟ್ಟಿ ನನಗೆ ಆಗಲೇ ತಿಳಿದಿದ್ದ ಉತ್ತರಕ್ಕೆ ಬರೆದುಕೊಂಡ ಸಮರ್ಥನೆಯಾಗಿತ್ತು ಎಂಬುದು ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯೋಂಕ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ವಸ್ತು ಪದೇ ಪದೇ ಕಣ್ಣಿಗೆ ಬೀಳುವುದರಿಂದಲೇ, ಬೇರೆ ಯಾವ ಕಾರಣವೂ ಇಲ್ಲದೆ, ಅದರ ಬಗ್ಗೆ ಒಲವು ಹೆಚ್ಚುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಮನೆಯ ಮುಂದೆ ದಿನವೂ ನಿಲ್ಲುತ್ತಿದ್ದ ಗಾಡಿಗೆ, ಟ್ಯಾಂಕಿನ ಮೇಲೆ ಕುಳಿತು ಹೋಗಿದ್ದ ಬಾಲ್ಯದ ಸವಾರಿಗೆ, ಆ ಒಲವಿನಲ್ಲಿ ಎಷ್ಟು ಪಾಲು ಸಲ್ಲಬೇಕೆಂದು ಲೆಕ್ಕ ಹಾಕಲಾಗದು. ಇದರ ಜೊತೆಗೆ ಕೈಗೆಟುಕುವ ದೂರದಲ್ಲಿ ಅದನ್ನು ರಿಪೇರಿ ಮಾಡುವವರು ಇದ್ದಾರೆಯೇ, ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ನೆಲ ಮುಟ್ಟುತ್ತವೆಯೇ ಎಂಬ ಸರಳ ಸಂಗತಿಗಳೂ ಇವೆ. ಕುಳ್ಳಗಿರುವ ಸವಾರರಿಗೆ ಎಷ್ಟೋ ಬ್ರ್ಯಾಂಡುಗಳು ಸೀಟಿನ ಎತ್ತರದ ಕಾರಣಕ್ಕೇ ಬಾಗಿಲು ಮುಚ್ಚಿಬಿಡುತ್ತವೆ. ಇದನ್ನು ಹೇಳಿಕೊಳ್ಳಲು ಅವರು ಸಂಕೋಚಪಡುವುದರಿಂದ ಆಯ್ಕೆಯ ಕಾರಣಗಳ ಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ.

ಗಾಡಿ ಮನೆಗೆ ಬಂದ ಮೇಲೆ ಮನಸ್ಸು ತನ್ನ ಕೆಲಸವನ್ನು ಆರಂಭಿಸುತ್ತದೆ. 1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಸಂಶೋಧಕರು ಕೆಲವು ಮಹಿಳೆಯರಿಗೆ ಗೃಹೋಪಯೋಗಿ ವಸ್ತುಗಳನ್ನು ತೋರಿಸಿ, ಪ್ರತಿಯೊಂದೂ ಎಷ್ಟು ಇಷ್ಟವೆಂದು ಅಂಕ ಕೊಡಲು ಹೇಳಿದರು. ಬಳಿಕ ಎರಡರಲ್ಲಿ ಒಂದನ್ನು ಆರಿಸಿಕೊಂಡು ಮನೆಗೆ ಒಯ್ಯಬಹುದು ಎಂದರು. ಆರಿಸಿದ ನಂತರ ಮತ್ತೆ ಅಂಕ ಕೇಳಿದಾಗ, ಆರಿಸಿದ ವಸ್ತುವಿನ ಅಂಕ ಏರಿತ್ತು, ಬಿಟ್ಟುಕೊಟ್ಟ ವಸ್ತುವಿನ ಅಂಕ ಇಳಿದಿತ್ತು. ಮರುವರ್ಷ, 1957ರಲ್ಲಿ, ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಹೊಸ ಕಾರು ಕೊಂಡವರು, ತಾವು ಕೊಳ್ಳಬೇಕೆಂದು ಯೋಚಿಸಿ ಕೈಬಿಟ್ಟ ಕಾರುಗಳ ಜಾಹೀರಾತುಗಳಿಗಿಂತ, ಈಗಾಗಲೇ ಕೊಂಡಿರುವ ಕಾರಿನ ಜಾಹೀರಾತುಗಳನ್ನೇ ಹೆಚ್ಚಾಗಿ ಓದುತ್ತಿದ್ದರು. ಹಣ ಕೊಟ್ಟಾಗಿದೆ, ನಿರ್ಧಾರ ಮುಗಿದಿದೆ, ಆದರೂ ಓದುತ್ತಾರೆ. ಗಾಡಿ ಕೊಂಡ ಮೊದಲ ತಿಂಗಳಲ್ಲಿ ಅದರ ವಿಮರ್ಶೆಗಳನ್ನು ಹುಡುಕಿ ಹುಡುಕಿ ಓದಿ, ಹೊಗಳಿಕೆ ಕಂಡಲ್ಲಿ ನೆಮ್ಮದಿಪಟ್ಟ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು.

ಆದರೆ ಈ ವಿವರಣೆ ಇಲ್ಲಿಗೇ ನಿಂತರೆ ಸಾಲದು. ಬ್ರೆಮ್ ಅವರ ಪ್ರಯೋಗದ ವಸ್ತುಗಳು ಮನೆಬಳಕೆಯವು. ಅವನ್ನು ಆರಿಸಿದವರಿಗೂ ಒಲವು ಹೆಚ್ಚಿತು. ಆದರೂ ತಮ್ಮ ಮಿಕ್ಸರಿನ ಕಂಪನಿಯ ಹೆಸರನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವರನ್ನು ನಾನು ಕಂಡಿಲ್ಲ. ಮೋಟಾರ್‌ಸೈಕಲ್ ಕಂಪನಿಗಳ ಹೆಸರನ್ನು ಹಾಗೆ ಹಾಕಿಸಿಕೊಂಡವರು ಪ್ರಪಂಚದಾದ್ಯಂತ ಇದ್ದಾರೆ. ಈ ಯಂತ್ರದಲ್ಲೇ ವಿಶೇಷವಾದದ್ದು ಇದ್ದರೆ ಅದು ದೇಹದಿಂದ ಆರಂಭವಾಗುತ್ತದೆ ಎಂದು ನನ್ನ ಭಾವನೆ.

ಕಾರಿನೊಳಗೆ ನಾವು ಕುಳಿತಿರುತ್ತೇವೆ, ಅಷ್ಟೇ. ಮೋಟಾರ್‌ಸೈಕಲ್ಲಿನಲ್ಲಿ ಸವಾರನ ದೇಹವೂ ಯಂತ್ರದ ಒಂದು ಭಾಗವಾಗಿ ಕೆಲಸ ಮಾಡುತ್ತದೆ: ತಿರುವಿನಲ್ಲಿ ಗಾಡಿಯೊಂದಿಗೆ ವಾಲುತ್ತದೆ, ಮೊಣಕಾಲುಗಳು ಟ್ಯಾಂಕನ್ನು ಹಿಡಿಯುತ್ತವೆ, ಎರಡು ಕೈಗಳೂ ಎರಡು ಕಾಲುಗಳೂ ಬೇರೆ ಬೇರೆ ಕೆಲಸಗಳನ್ನು ಏಕಕಾಲಕ್ಕೆ ಮಾಡುತ್ತವೆ. ಕ್ಲಚ್ಚು ಯಾವ ಜಾಗದಲ್ಲಿ ಹಿಡಿಯುತ್ತದೆ, ಹಿಂದಿನ ಬ್ರೇಕನ್ನು ಎಷ್ಟು ಒತ್ತಿದರೆ ಚಕ್ರ ಜಾರುತ್ತದೆ, ಎರಡನೆಯ ಗೇರಿನಿಂದ ಮೂರಕ್ಕೆ ಏರುವಾಗ ಎಷ್ಟು ಬಿರುಸು ಬೇಕು, ಇವನ್ನೆಲ್ಲ ಕೈಕಾಲುಗಳು ಕಲಿತಿರುತ್ತವೆ. ಅವನ್ನು ಬಾಯಲ್ಲಿ ವಿವರಿಸು ಎಂದರೆ ಸವಾರನಿಗೆ ಆಗುವುದಿಲ್ಲ. ಬ್ರಿಟಿಷ್ ಮೋಟಾರ್‌ಸೈಕಲ್ಲುಗಳಲ್ಲಿ ಬಹುಕಾಲ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುತ್ತಿದ್ದವು. 1970ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ನಿಯಮಗಳು ಎಡಗಾಲಿನ ಗೇರನ್ನು ಕಡ್ಡಾಯಗೊಳಿಸಿದಾಗ ಬ್ರಿಟಿಷ್ ಕಂಪನಿಗಳೂ ಬದಲಾಗಬೇಕಾಯಿತು. ಬಲಗಾಲಿನ ಗೇರಿನಲ್ಲಿ ಇಪ್ಪತ್ತು ವರ್ಷ ಓಡಿಸಿದವನಿಗೆ ಆ ಬದಲಾವಣೆ ಬರೀ ಅನನುಕೂಲವಾಗಿರಲಿಲ್ಲ. ತುರ್ತಿನಲ್ಲಿ ಬ್ರೇಕ್ ಎಂದುಕೊಂಡು ಗೇರನ್ನು ತುಳಿಯುವ ಅಪಾಯವೂ ಇತ್ತು. ಬಿಎಂಡಬ್ಲ್ಯು ಕಂಪನಿ ಬಹಳ ವರ್ಷಗಳ ಕಾಲ ಎಡ ಮತ್ತು ಬಲ ಇಂಡಿಕೇಟರುಗಳಿಗೆ ಹ್ಯಾಂಡಲ್ಲಿನ ಎರಡು ಬದಿಗಳಲ್ಲಿ ಪ್ರತ್ಯೇಕ ಸ್ವಿಚ್ಚುಗಳನ್ನು ಇಟ್ಟಿತ್ತು. ಹೊರಗಿನವರಿಗೆ ಅದು ವಿಚಿತ್ರವಾಗಿ ಕಂಡರೆ, ಅದಕ್ಕೆ ಒಗ್ಗಿದವರಿಗೆ ಉಳಿದೆಲ್ಲ ಗಾಡಿಗಳೂ ವಿಚಿತ್ರವಾಗಿ ಕಂಡವು. ಇಂಥ ಸಣ್ಣ ಸಂಗತಿಗಳನ್ನು ನಾವು ನಿಷ್ಠೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಇನ್ನೊಂದು ಬ್ರ್ಯಾಂಡಿಗೆ ಹೋಗುವುದೆಂದರೆ ಮೈಯನ್ನು ಮತ್ತೆ ಶಾಲೆಗೆ ಕಳಿಸಿದಂತೆ, ಮತ್ತು ನಡುವಯಸ್ಸು ದಾಟಿದ ಮೈ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ದೇಹದ ನಂತರ ಕಿವಿಯ ಮಾತು. ಹಾರ್ಲೆ-ಡೇವಿಡ್‌ಸನ್ ಗಾಡಿಯ ಸದ್ದನ್ನು ಕಣ್ಣು ಮುಚ್ಚಿಕೊಂಡು ಗುರುತಿಸಬಹುದು, ಏಕೆಂದರೆ ಅದರ ರಚನೆಯಲ್ಲೇ ಆ ಸದ್ದು ಅಡಗಿದೆ. ಅದರ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಕುಳಿತಿವೆ, ಎರಡು ಪಿಸ್ಟನ್ನುಗಳೂ ಕ್ರ್ಯಾಂಕಿನ, ಅಂದರೆ ಅವುಗಳ ಚಲನೆಯನ್ನು ತಿರುಗುವಿಕೆಯಾಗಿ ಬದಲಿಸುವ ದಂಡದ, ಒಂದೇ ಪಿನ್ನಿಗೆ ಜೋಡಣೆಯಾಗಿವೆ. ಇದರಿಂದ ಒಂದು ಸಿಲಿಂಡರ್ ಸಿಡಿದ ಮೇಲೆ ಕ್ರ್ಯಾಂಕು 315 ಡಿಗ್ರಿ ತಿರುಗಿದಾಗ ಎರಡನೆಯದು ಸಿಡಿಯುತ್ತದೆ. ಅಲ್ಲಿಂದ ಮತ್ತೆ ಮೊದಲನೆಯದು ಸಿಡಿಯಲು 405 ಡಿಗ್ರಿ ಕಾಯಬೇಕು. ಈ ಅಸಮ ಅಂತರವೇ ನಮಗೆ ಕುಂಟುತ್ತ ಓಡುವ ಕುದುರೆಯ ಹೆಜ್ಜೆಯಂತೆ ಕೇಳಿಸುತ್ತದೆ. ಕಂಪನಿ 1994ರಲ್ಲಿ ಈ ಸದ್ದನ್ನೇ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಲು ಅರ್ಜಿ ಹಾಕಿತ್ತು; ಪ್ರತಿಸ್ಪರ್ಧಿಗಳ ವಿರೋಧದ ನಡುವೆ ವರ್ಷಗಟ್ಟಲೆ ಎಳೆದಾಡಿ 2000ದಲ್ಲಿ ಹಿಂತೆಗೆದುಕೊಂಡಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಈ ಅಸಮತೆ ಒಂದು ಕೊರತೆ, ಅದರಿಂದ ನಡುಕ ಹೆಚ್ಚುತ್ತದೆ. ಸವಾರನಿಗೆ ಮಾತ್ರ ಅದು ಗಾಡಿಯ ಉಸಿರು. ಬಿಎಂಡಬ್ಲ್ಯುವಿನ ಹಳೆಯ ಬಾಕ್ಸರ್ ಎಂಜಿನ್ನಿನಲ್ಲಿ, ಅಂದರೆ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಮಲಗಿರುವ ಎಂಜಿನ್ನಿನಲ್ಲಿ, ಕ್ರ್ಯಾಂಕ್‌ಶಾಫ್ಟು ಗಾಡಿಯ ಉದ್ದಕ್ಕೆ ಮಲಗಿರುವುದರಿಂದ, ನಿಂತಲ್ಲೇ ಆಕ್ಸಿಲರೇಟರ್ ತಿರುಗಿಸಿದರೆ ಇಡೀ ಗಾಡಿ ಒಂದು ಬದಿಗೆ ಮೆಲ್ಲಗೆ ವಾಲುತ್ತದೆ. ಇಟಲಿಯ ಡುಕಾಟಿ ಕಂಪನಿಯ ಹಳೆಯ ಗಾಡಿಗಳ ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್ಚು ನಿಂತಾಗ ಗಡಗಡ ಸದ್ದು ಮಾಡುತ್ತದೆ. ಪರಿಚಯವಿಲ್ಲದವರು ಏನೋ ಮುರಿದಿದೆಯೆಂದು ತಿಳಿಯುತ್ತಾರೆ. ಮೂರು ಗಾಡಿಗಳ ಈ ಮೂರು ‘ದೋಷ’ಗಳೇ ಅವುಗಳ ಸವಾರರು ಅತಿಯಾಗಿ ಪ್ರೀತಿಸುವ ಗುಣಗಳು ಎಂಬುದನ್ನು ಗಮನಿಸಿ. ಎಲ್ಲ ರೀತಿಯಲ್ಲೂ ನಯವಾದ ಯಂತ್ರವನ್ನು ನಾವು ಮೆಚ್ಚುತ್ತೇವೆ. ಒಲಿಯುವುದು ತನ್ನದೇ ನಡೆಯಿರುವ ಯಂತ್ರಕ್ಕೆ.

ಕೈಯ ಪಾತ್ರವನ್ನೂ ಮರೆಯಬಾರದು. ಬಾಕ್ಸರ್ ಎಂಜಿನ್ನಿನ ಸಿಲಿಂಡರುಗಳು ಎರಡೂ ಬದಿಗೆ ಹೊರಚಾಚಿಕೊಂಡಿರುವುದರಿಂದ ವಾಲ್ವುಗಳ ಸಂದನ್ನು ಮಾಲೀಕನೇ, ನೆಲದ ಮೇಲೆ ಕುಳಿತು, ಸ್ಪ್ಯಾನರ್ ಮತ್ತು ಸಂದು ಅಳೆಯುವ ಫೀಲರ್ ಗೇಜು ಹಿಡಿದು ಸರಿಪಡಿಸಬಹುದು. ಹಾಗೆ ಸರಿಪಡಿಸಿದ ಮೊದಲ ದಿನ ಆ ಗಾಡಿ ಕೊಂಡ ದಿನಕ್ಕಿಂತ ಹೆಚ್ಚಾಗಿ ತನ್ನದಾಗುತ್ತದೆ. ಜನರು ತಮ್ಮ ಕೈಯಿಂದ ಜೋಡಿಸಿದ ವಸ್ತುವಿಗೆ, ಸಿದ್ಧವಾಗಿ ಸಿಕ್ಕ ಅದೇ ವಸ್ತುವಿಗಿಂತ ಹೆಚ್ಚು ಬೆಲೆ ಕಟ್ಟುತ್ತಾರೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೋಟಾರ್‌ಸೈಕಲ್ ಸವಾರರಿಗೆ ಇದನ್ನು ಹೇಳಲು ಅಧ್ಯಯನ ಬೇಕಿರಲಿಲ್ಲ. ಸೈಲೆನ್ಸರ್ ಬದಲಿಸಿದವನು, ಸೀಟು ಕೊರೆಸಿದವನು, ಹ್ಯಾಂಡಲ್ ಎತ್ತರಿಸಿದವನು, ಇವರೆಲ್ಲರೂ ಕಂಪನಿ ಮಾಡಿದ ಗಾಡಿಯ ಮೇಲೆ ತಮ್ಮ ಸಹಿಯನ್ನು ಹಾಕಿದವರೇ.

ಇನ್ನು ಜನರ ವಿಷಯ. 1990ರ ದಶಕದಲ್ಲಿ ಜಾನ್ ಶೌಟೆನ್ ಮತ್ತು ಜೇಮ್ಸ್ ಮೆಕ್‌ಅಲೆಕ್ಸಾಂಡರ್ ಎಂಬ ಇಬ್ಬರು ವಿದ್ವಾಂಸರು ಹಾರ್ಲೆ ಸವಾರರನ್ನು ಅರಿಯಲು ಪ್ರಶ್ನಾವಳಿಗಳನ್ನು ಹಂಚಿ ಸುಮ್ಮನಿರಲಿಲ್ಲ. ತಾವೇ ಸವಾರರಾಗಿ, ಅವರ ಜೊತೆ ಓಡಾಡಿ, ಕೂಟಗಳಲ್ಲಿ ಬೆರೆತರು. 1995ರಲ್ಲಿ ಅವರು ಪ್ರಕಟಿಸಿದ ಬರಹದಲ್ಲಿ ನನಗೆ ಮುಖ್ಯವೆನಿಸಿದ ಸಂಗತಿಯೆಂದರೆ, ಹೊಸಬನು ಮೊದಲು ಹೊರಗಿನ ವೇಷದಿಂದ ಒಳಬರುತ್ತಾನೆ, ಬಟ್ಟೆಯನ್ನೂ ಮಾತನ್ನೂ ಅನುಕರಿಸುತ್ತಾನೆ, ಮತ್ತು ಕಾಲಕ್ರಮದಲ್ಲಿ ಆ ವೇಷ ಅವನ ಸ್ವಂತ ರೂಪವಾಗಿಬಿಡುತ್ತದೆ. ಬಳಿಕ 2001ರಲ್ಲಿ ಆಲ್ಬರ್ಟ್ ಮುನಿಝ್ ಮತ್ತು ಥಾಮಸ್ ಓಗಿನ್ ಎಂಬುವರು, ಕಾರು ಮತ್ತು ಕಂಪ್ಯೂಟರ್ ಬ್ರ್ಯಾಂಡುಗಳ ಸುತ್ತ ಬೆಳೆದ ಬಳಗಗಳನ್ನು ನೋಡಿ, ಅವುಗಳಿಗೆ ಮೂರು ಲಕ್ಷಣಗಳನ್ನು ಗುರುತಿಸಿದರು: ‘ನಾವೆಲ್ಲ ಒಂದೇ ಬಗೆಯವರು’ ಎಂಬ ಅರಿವು, ಎಲ್ಲರೂ ಪಾಲಿಸುವ ಆಚರಣೆಗಳು, ಮತ್ತು ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಒದಗಬೇಕೆಂಬ ನೈತಿಕ ಹೊಣೆ. ಮೋಟಾರ್‌ಸೈಕಲ್ಲಿನ ಮಟ್ಟಿಗೆ ಮೂರನೆಯದೇ ಅತಿ ದೊಡ್ಡದು. ಕತ್ತಲಾಗುವ ಹೊತ್ತಿನಲ್ಲಿ ದಾರಿಯ ಬದಿ ಗಾಡಿ ಕೆಟ್ಟು ನಿಂತಾಗ, ಅದೇ ಕಂಪನಿಯ ಗಾಡಿಯಲ್ಲಿ ಬಂದ ಅಪರಿಚಿತನೊಬ್ಬ ಇಳಿದು, ತನ್ನ ಸೀಟಿನಡಿಯಿಂದ ಬಿಡಿ ಕ್ಲಚ್ ಕೇಬಲ್ ತೆಗೆದುಕೊಟ್ಟದ್ದು ನನ್ನ ಜೀವನದಲ್ಲಿ ನಡೆದಿದೆ. ಅವರ ಹೆಸರನ್ನೂ ನಾನು ಕೇಳಲಿಲ್ಲ. ಆ ಕೇಬಲ್ ನನ್ನ ಗಾಡಿಗೆ ಹೊಂದಿದ್ದು ನಮ್ಮಿಬ್ಬರ ಗಾಡಿ ಒಂದೇ ಆದ್ದರಿಂದ. ಬಳಗದ ಒಗ್ಗಟ್ಟು ಎಂಬುದಕ್ಕೆ ಇಷ್ಟು ಗಟ್ಟಿಯಾದ, ಲೋಹದಲ್ಲೇ ಮಾಡಿದ ಆಧಾರವಿದೆ ಎಂಬುದು ನನಗೆ ಅಂದು ಹೊಳೆಯಿತು.

ಕಂಪನಿಗಳು ಇದನ್ನು ಅರಿಯದೆ ಇಲ್ಲ. 1903ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿದ ಹಾರ್ಲೆ-ಡೇವಿಡ್‌ಸನ್ 1969ರಲ್ಲಿ ಎಎಂಎಫ್ ಎಂಬ ದೊಡ್ಡ ಸಂಸ್ಥೆಯ ಕೈಸೇರಿತ್ತು. ಆ ಕಾಲದಲ್ಲಿ ಗುಣಮಟ್ಟ ಕುಸಿದು, ಗಾಡಿಗಳು ಎಣ್ಣೆ ಸೋರುವುದಕ್ಕೆ ಹೆಸರಾದವು. 1981ರಲ್ಲಿ ಕಂಪನಿಯ 13 ಮಂದಿ ಅಧಿಕಾರಿಗಳು ಸೇರಿ ಅದನ್ನು ಮರಳಿ ಕೊಂಡುಕೊಂಡರು. 1983ರಲ್ಲಿ ಮಾಲೀಕರ ಸಂಘವನ್ನು ಕಂಪನಿಯೇ ಕಟ್ಟಿತು. 1984ರ ಮಾದರಿಗಳಿಗೆ ಎವಲ್ಯೂಷನ್ ಎಂಬ ಹೊಸ ಎಂಜಿನ್ ಬಂತು. ಮಾರಾಟಶಾಸ್ತ್ರದ ಪಾಠಗಳಲ್ಲಿ ಮಾಲೀಕರ ಸಂಘದ ಕಥೆಯನ್ನು ಬಹಳ ಹಾಡಿ ಹೊಗಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎಣ್ಣೆ ಸೋರದ ಎಂಜಿನ್ ಇಲ್ಲದೆ ಹೋಗಿದ್ದರೆ ಆ ಸಂಘದ ಸವಾರಿಗಳು ಮೆಕ್ಯಾನಿಕ್ಕಿನ ಬಾಗಿಲಲ್ಲೇ ಮುಗಿಯುತ್ತಿದ್ದವು. ಇದರ ಜೊತೆಗೆ ಇನ್ನೊಂದನ್ನೂ ಹೇಳಬೇಕು: ಗಾಡಿಗಳು ಸೋರುತ್ತಿದ್ದ ಆ ಹನ್ನೆರಡು ವರ್ಷಗಳಲ್ಲೂ ಅವನ್ನು ಬಿಡದೆ ಓಡಿಸಿದವರು ಇದ್ದರು. ಕಂಪನಿಯನ್ನು ಮರಳಿ ಕೊಂಡವರಿಗೆ ಸಿಕ್ಕ ನಿಜವಾದ ಆಸ್ತಿ ಅವರೇ.

ಇಲ್ಲಿಂದ ನಾನು ಈ ಉಪನ್ಯಾಸದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ನಿಷ್ಠ ಸವಾರನೆಂದರೆ ಕಂಪನಿ ಏನು ಕೊಟ್ಟರೂ ಕೊಳ್ಳುವವನು ಎಂದು ಹೊರಗಿನವರು ಭಾವಿಸುತ್ತಾರೆ. ಕೆಲವು ಕಂಪನಿಗಳೂ ಹಾಗೆ ಭಾವಿಸಿ ಕೈ ಸುಟ್ಟುಕೊಂಡಿವೆ. ಸವಾರ ನಿಷ್ಠನಾಗಿರುವುದು ಯಂತ್ರದ ಒಂದು ಸ್ವಭಾವಕ್ಕೆ. ಆ ಸ್ವಭಾವದ ಮೇಲೆ ತನಗೆ ಹಕ್ಕಿದೆಯೆಂದು ಅವನು ತಿಳಿಯುತ್ತಾನೆ, ಮತ್ತು ಅದನ್ನು ಕಂಪನಿಯೇ ಕೈಬಿಟ್ಟರೆ ಕಂಪನಿಯ ವಿರುದ್ಧವೇ ನಿಲ್ಲುತ್ತಾನೆ.

ಬಿಎಂಡಬ್ಲ್ಯು 1923ರಲ್ಲಿ ಮ್ಯಾಕ್ಸ್ ಫ್ರಿಟ್ಜ್ ವಿನ್ಯಾಸ ಮಾಡಿದ ಆರ್ 32ರಿಂದ ಬಾಕ್ಸರ್ ಎಂಜಿನ್ನನ್ನೂ ಚೈನಿಲ್ಲದ ಶಾಫ್ಟ್ ಡ್ರೈವನ್ನೂ ಬಳಸುತ್ತ ಬಂದಿತ್ತು. 1983ರಲ್ಲಿ ನೀರಿನಿಂದ ತಂಪಾಗುವ ನಾಲ್ಕು ಸಿಲಿಂಡರಿನ ಕೆ 100 ಬಂದಾಗ, ಬಾಕ್ಸರಿನ ಕಾಲ ಮುಗಿಯಿತೆಂದು, ಇನ್ನು ಮುಂದೆ ಕೆ ಸರಣಿಯೇ ಅದರ ಜಾಗ ತುಂಬುವುದೆಂದು ಕಂಪನಿ ಲೆಕ್ಕ ಹಾಕಿತ್ತು. ಹೊಸ ಗಾಡಿ ಎಲ್ಲ ಅಳತೆಗಳಲ್ಲೂ ಮೇಲಾಗಿತ್ತು. ಆದರೂ ಸವಾರರು ಬಾಕ್ಸರನ್ನು ಕೇಳುವುದನ್ನು ಬಿಡಲಿಲ್ಲ. ನಿಲ್ಲಿಸಿದ್ದ ಆರ್ 100 ಆರ್‌ಎಸ್ ಮಾದರಿಯನ್ನು 1986ರಲ್ಲಿ ಮತ್ತೆ ಹೊರತರಬೇಕಾಯಿತು, 1993ರಲ್ಲಿ ಪೂರ್ತಿ ಹೊಸದಾದ ಬಾಕ್ಸರ್ ಎಂಜಿನ್ನೇ ಬಂತು. ಇಂದು ಆ ಕಂಪನಿಯ ಹೆಸರು ಹೇಳಿದೊಡನೆ ಕಣ್ಣಿಗೆ ಬರುವ ಜಿಎಸ್ ಗಾಡಿಯ ಬೆನ್ನೆಲುಬು ಆ ಎಂಜಿನ್ನೇ. ಒಂದು ಯಂತ್ರವನ್ನು ಅದನ್ನು ಮಾಡಿದವರಿಂದಲೇ ಉಳಿಸಿಕೊಂಡ ಕೀರ್ತಿ ಸವಾರರಿಗೆ ಸಲ್ಲಬೇಕು.

ಡುಕಾಟಿಯ ಕಥೆ ಇನ್ನೂ ತೀಕ್ಷ್ಣವಾದದ್ದು. 1994ರಲ್ಲಿ ಬಂದ, ಮಾಸ್ಸಿಮೊ ತಂಬುರಿನಿ ವಿನ್ಯಾಸದ 916 ಗಾಡಿಯಲ್ಲಿ ಹಿಂಬದಿಯ ಚಕ್ರವನ್ನು ಒಂದೇ ತೋಳು ಹಿಡಿದಿತ್ತು, ಮುಂದೆ ಎರಡು ದೀಪಗಳು ಅಕ್ಕಪಕ್ಕದಲ್ಲಿ ಕಿರಿದಾದ ಕಣ್ಣುಗಳಂತೆ ಇದ್ದವು. ಅದರ ಉತ್ತರಾಧಿಕಾರಿಯಾಗಿ ಬಂದ 999ರಲ್ಲಿ ದೀಪಗಳು ಒಂದರ ಮೇಲೊಂದು ಕುಳಿತವು, ಚಕ್ರಕ್ಕೆ ಎರಡು ತೋಳುಗಳು ಬಂದವು. 999 ಓಟದಲ್ಲಿ ಸೋತ ಗಾಡಿಯಲ್ಲ: 2003, 2004 ಮತ್ತು 2006ರ ವಿಶ್ವ ಸೂಪರ್‌ಬೈಕ್ ಸವಾರರ ಪ್ರಶಸ್ತಿಗಳು ಅದರ ಮೇಲೇ ಬಂದವು. ಆದರೂ ನಿಷ್ಠರು ಅದನ್ನು ತಮ್ಮದೆಂದು ಒಪ್ಪಲಿಲ್ಲ. 2007ರ 1098ರಲ್ಲಿ ಒಂಟಿ ತೋಳೂ ಅಡ್ಡಸಾಲಿನ ದೀಪಗಳೂ ಮರಳಿದವು. ಗೆಲುವು ನಿಷ್ಠೆಯನ್ನು ಹುಟ್ಟಿಸುತ್ತದೆ ಎಂಬ ಮಾತನ್ನು ನಂಬುವವರು 999ರ ಬಗ್ಗೆ ಸ್ವಲ್ಪ ಯೋಚಿಸಬೇಕು. ಹಾರ್ಲೆ ಕೂಡ 2001ರಲ್ಲಿ ಪೋರ್ಷೆಯ ನೆರವಿನಿಂದ ರೂಪಿಸಿದ, 60 ಡಿಗ್ರಿ ಕೋನದ, ನೀರಿನಿಂದ ತಂಪಾಗುವ ಎಂಜಿನ್ನಿನ ವಿ-ರಾಡ್ ತಂದಿತು. ಅದಕ್ಕೆ ಅದರದೇ ಅಭಿಮಾನಿಗಳು ಹುಟ್ಟಿಕೊಂಡರು, ಹಳಬರಲ್ಲಿ ಬಹಳ ಮಂದಿ ದೂರವೇ ಉಳಿದರು. 2017ರಲ್ಲಿ ತಯಾರಿಕೆ ನಿಂತಿತು. ಇವಕ್ಕೆ ಪ್ರತಿಯಾಗಿ ಬ್ರಿಟನ್ನಿನ ಟ್ರಯಂಫ್ ಕಂಪನಿ ಏನು ಮಾಡಿತೆಂದು ನೋಡಿ. 2016ರ ಬಾನವಿಲ್ ಟಿ 120 ಗಾಡಿಗೆ ನೀರಿನ ತಂಪಾಗಿಸುವಿಕೆ ಬಂತು, ಆದರೂ ಹಿಂದೆ ಗಾಳಿಯಿಂದ ತಂಪಾಗಿಸಲು ಸಿಲಿಂಡರಿನ ಮೇಲಿದ್ದ ಲೋಹದ ರೆಕ್ಕೆಗಳು ಹಾಗೆಯೇ ಉಳಿದವು. ಪೆಟ್ರೋಲು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಯನ್ನು ಹಳೆಯ ಕಾರ್ಬ್ಯುರೇಟರಿನ ರೂಪದ ಕವಚದೊಳಗೆ ಇಟ್ಟರು. ಇದನ್ನು ಮೋಸವೆನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲ ಬಾನವಿಲ್ ಬಂದ 1959ರಿಂದ ಆ ಆಕಾರವನ್ನು ಪ್ರೀತಿಸಿದವರ ಹಕ್ಕನ್ನು ಎಂಜಿನಿಯರುಗಳು ಒಪ್ಪಿಕೊಂಡದ್ದು ಎಂದು ನಾನು ಓದಿಕೊಳ್ಳುತ್ತೇನೆ.

ಇಷ್ಟು ಹೊತ್ತು ಸದ್ದು ಮಾಡುವ ನಿಷ್ಠೆಯ ಬಗ್ಗೆ ಮಾತನಾಡಿದೆ. ಸದ್ದಿಲ್ಲದ ನಿಷ್ಠೆಯೂ ಒಂದಿದೆ, ಮತ್ತು ಎಣಿಕೆಯಲ್ಲಿ ಅದೇ ದೊಡ್ಡದು. ಹೊಂಡಾ 1958ರಲ್ಲಿ ತಂದ ಸೂಪರ್ ಕಬ್ 2017ರ ಹೊತ್ತಿಗೆ ಹತ್ತು ಕೋಟಿ ದಾಟಿತು. ಬೇರೆ ಯಾವ ಮೋಟಾರು ವಾಹನವೂ ಆ ಸಂಖ್ಯೆಯ ಹತ್ತಿರಕ್ಕೆ ಬಂದಿಲ್ಲ. ಅದನ್ನು ಓಡಿಸಿದವರಲ್ಲಿ ಎಷ್ಟು ಮಂದಿ ತಮ್ಮನ್ನು ಆ ಬ್ರ್ಯಾಂಡಿನ ಅಭಿಮಾನಿಗಳೆಂದು ಕರೆದುಕೊಂಡಾರು? ಬೆಳಿಗ್ಗೆ ಒದ್ದರೆ ಹೊತ್ತಿಕೊಳ್ಳುತ್ತದೆ, ಸಂಜೆ ಮನೆಗೆ ತಲುಪಿಸುತ್ತದೆ, ಹಳೆಯದಾದ ಮೇಲೆ ಅಂಥದ್ದೇ ಇನ್ನೊಂದನ್ನು ಕೊಳ್ಳುತ್ತಾರೆ. ಅಂಕಿ-ಅಂಶಗಳ ಮೂಲಕ ಗ್ರಾಹಕರ ನಡವಳಿಕೆಯನ್ನು ಅಧ್ಯಯನ ಮಾಡಿದ ಆಂಡ್ರ್ಯೂ ಎರೆನ್‌ಬರ್ಗ್ ಅವರು, ಸಣ್ಣ ಬ್ರ್ಯಾಂಡುಗಳಿಗೆ ಕೊಳ್ಳುವವರೂ ಕಡಿಮೆ, ಕೊಂಡವರ ನಿಷ್ಠೆಯೂ ಸ್ವಲ್ಪ ಕಡಿಮೆ ಎಂಬ ನಿಯಮವನ್ನು ಹಲವು ಬಗೆಯ ಸರಕುಗಳಲ್ಲಿ ಕಂಡರು. ಅಂದರೆ ನಾವು ನಿಷ್ಠೆಯೆಂದು ಕರೆಯುವುದರಲ್ಲಿ ಒಂದು ದೊಡ್ಡ ಭಾಗ, ಎಲ್ಲೆಡೆ ಸಿಗುವ ಬ್ರ್ಯಾಂಡು ಮತ್ತೆ ಮತ್ತೆ ಕೈಗೆ ಸಿಗುವುದರ ಫಲ. ಈ ಮಾತು ಅಭಿಮಾನಿಗಳಿಗೆ ರುಚಿಸದು, ಆದರೆ ಇದನ್ನು ಮರೆತು ನಿಷ್ಠೆಯ ಬಗ್ಗೆ ಮಾತನಾಡಿದರೆ ಅರ್ಧ ಸತ್ಯವಷ್ಟೇ ಆಗುತ್ತದೆ. ನಂಬಿಕೆಯೆಂಬುದು ತೋಳಿನ ಮೇಲೆ ಹಚ್ಚೆಯಾಗಿ ಕಾಣಿಸದಿದ್ದರೂ ನಂಬಿಕೆಯೇ.

ಓಟದ ಆಟಗಳ ಬಗ್ಗೆ ಹೆಚ್ಚು ಹೇಳಲಾರೆ. ಅವು ಹೆಸರನ್ನು ಬೆಳೆಸುತ್ತವೆ, ಆದರೆ ಪ್ರೇಕ್ಷಕನ ನಿಷ್ಠೆ ಬಹಳ ಸಲ ಸವಾರನ ಜೊತೆ ನಡೆದುಹೋಗುತ್ತದೆ. ಇಟಲಿಯ ಓಟದ ಸವಾರ ವ್ಯಾಲೆಂಟಿನೊ ರೊಸ್ಸಿ ಮೂರು ವಿಶ್ವಪ್ರಶಸ್ತಿಗಳನ್ನು ತಂದುಕೊಟ್ಟಿದ್ದ ಹೊಂಡಾವನ್ನು ಬಿಟ್ಟು 2004ರಲ್ಲಿ ಯಮಹಾಗೆ ಹೋದಾಗ ಅವರ ಓಟದ ಸಂಖ್ಯೆಯಾದ 46ರ ಹಳದಿ ಬಾವುಟಗಳೂ ಅವರ ಹಿಂದೆಯೇ ಹೋದವು.

ನಿಷ್ಠೆಯಲ್ಲಿ ಕೆಡುಕಿಲ್ಲವೇ ಎಂದು ಕೇಳಬಹುದು. ಇದೆ. ನಮ್ಮವರು ಎಂಬ ಅರಿವು ಗಟ್ಟಿಯಾದಷ್ಟೂ ಪಕ್ಕದವನ ಗಾಡಿಯನ್ನು ಹೀಯಾಳಿಸುವ ಚಟ ಬೆಳೆಯುತ್ತದೆ. ಅದಕ್ಕಿಂತ ಗಂಭೀರವಾದದ್ದೆಂದರೆ, ತನ್ನ ಬ್ರ್ಯಾಂಡಿನ ದುರ್ಬಲ ಬ್ರೇಕನ್ನು ‘ಇದರ ಗುಣವೇ ಹೀಗೆ’ ಎಂದು ಸಮರ್ಥಿಸುವ ಸವಾರ ತನ್ನ ಜೀವವನ್ನೇ ಪಣಕ್ಕೊಡ್ಡುತ್ತಾನೆ. ನಡುಕವೂ ಸದ್ದೂ ಸ್ವಭಾವವಾಗಬಹುದು. ನಿಲ್ಲದ ಗಾಡಿ ಮಾತ್ರ ದೋಷವೇ. ಈ ಗೆರೆಯನ್ನು ಸವಾರರು ತಾವೇ ಎಳೆದುಕೊಳ್ಳಬೇಕು. 1960ರ ದಶಕದ ಬ್ರಿಟಿಷ್ ತರುಣರನ್ನು ನಾನು ಈ ಕಾರಣಕ್ಕೇ ಮೆಚ್ಚುತ್ತೇನೆ. ಟ್ರಯಂಫಿನ ಎಂಜಿನ್ ಚೆನ್ನಾಗಿದೆ, ನಾರ್ಟನ್ನಿನ ಫೆದರ್‌ಬೆಡ್ ಚಾಸಿ ತಿರುವಿನಲ್ಲಿ ಚೆನ್ನಾಗಿದೆ ಎಂದು ಎರಡನ್ನೂ ಬಿಚ್ಚಿ, ಒಂದರೊಳಗೊಂದನ್ನು ಕೂರಿಸಿ, ಟ್ರೈಟನ್ ಎಂಬ ಹೊಸ ಗಾಡಿಯನ್ನೇ ಮಾಡಿಕೊಂಡರು.

ನಿಷ್ಠೆ ಮುರಿಯುವುದು ಯಾವಾಗ? ದೊಡ್ಡ ದೋಷದಿಂದ ಅದು ಮುರಿದದ್ದನ್ನು ನಾನು ಕಂಡದ್ದು ಕಡಿಮೆ. ಉಪೇಕ್ಷೆಯಿಂದ ಮುರಿದದ್ದನ್ನು ಹೆಚ್ಚು ಕಂಡಿದ್ದೇನೆ. ಹಿಂದೊಮ್ಮೆ ನನ್ನ ಗಾಡಿಯ ಒಂದು ಸಣ್ಣ ಸೀಲಿಗಾಗಿ ನಾಲ್ಕು ತಿಂಗಳು ಕಾದೆ. ಆ ಭಾಗ ಕೆಟ್ಟದ್ದಕ್ಕೆ ನನಗೆ ಬೇಸರವಿರಲಿಲ್ಲ, ಯಂತ್ರವೆಂದ ಮೇಲೆ ಕೆಡುತ್ತದೆ. ಪ್ರತಿ ಸಲ ಹೋದಾಗಲೂ ನನ್ನ ಗಾಡಿಯ ಹೆಸರನ್ನು ಮೊದಲಿಂದ ಹೇಳಬೇಕಾಗಿ ಬಂದದ್ದು ಮನಸ್ಸಿಗೆ ನಾಟಿತು. ಹದಿನಾಲ್ಕು ವರ್ಷಗಳ ಸವಾರಿಯನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆ ಕಂಪನಿಯ ಹೊಸ ಗಾಡಿಯನ್ನು ನಾನು ಮತ್ತೆ ಕೊಳ್ಳಲಿಲ್ಲ. ಹಳೆಯದನ್ನು ಮಾರಲೂ ಇಲ್ಲ. ಹಾಗಾದರೆ ನನ್ನ ನಿಷ್ಠೆ ಮುರಿಯಿತೇ, ಉಳಿಯಿತೇ? ಕಂಪನಿಯ ಮೇಲಿನದು ಹೋಯಿತು, ಗಾಡಿಯ ಮೇಲಿನದು ಇದೆ, ಅವೆರಡೂ ಬೇರೆ ಎಂಬುದು ನನಗೆ ತಿಳಿದದ್ದು ಅಲ್ಲಿಯೇ. ವಯಸ್ಸೂ ಒಂದು ಕಾರಣವಾಗುತ್ತದೆ. ಭಾರವಾದ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲು ಮಂಡಿ ಒಪ್ಪದ ದಿನ, ಮೂವತ್ತು ವರ್ಷಗಳ ಬ್ರ್ಯಾಂಡನ್ನು ಕಣ್ಣೀರಿಟ್ಟು ಬಿಟ್ಟವರಿದ್ದಾರೆ.

ವಿದ್ಯುತ್ ಗಾಡಿಗಳು ಬಂದ ಮೇಲೆ ಏನಾಗಬಹುದೆಂಬ ಪ್ರಶ್ನೆಯನ್ನು ಸಭೆಯಲ್ಲಿ ಕೇಳಿದರು. ಹಾರ್ಲೆ 2019ರಲ್ಲಿ ಲೈವ್‌ವೈರ್ ಎಂಬ ವಿದ್ಯುತ್ ಗಾಡಿಯನ್ನು ತನ್ನ ಹೆಸರಿನಲ್ಲಿಯೇ ತಂದು, 2021ರಲ್ಲಿ ಅದನ್ನು ಪ್ರತ್ಯೇಕ ಬ್ರ್ಯಾಂಡಾಗಿ ಬೇರ್ಪಡಿಸಿತು. ಹಳೆಯ ಹೆಸರಿನೊಳಗೆ 315 ಮತ್ತು 405 ಡಿಗ್ರಿಗಳ ಸದ್ದು ಎಷ್ಟು ಆಳವಾಗಿ ಕುಳಿತಿದೆ ಎಂಬುದಕ್ಕೆ ಇದು ಸೂಚನೆಯೆಂದು ನಾನು ಭಾವಿಸುತ್ತೇನೆ. ವಿದ್ಯುತ್ ಮೋಟಾರಿಗೂ ಕಾಲಾಂತರದಲ್ಲಿ ತನ್ನದೇ ನಡೆ ಸಿಗಬಹುದು; ಅದನ್ನು ಕಂಡುಕೊಳ್ಳುವವರು ಈಗ ಅಣ್ಣನ ಅಥವಾ ಅಕ್ಕನ ವಿದ್ಯುತ್ ಗಾಡಿಯಲ್ಲಿ ಸವಾರಿ ಕಲಿಯುತ್ತಿರುವ ಮಕ್ಕಳು.

ಕೊನೆಯದಾಗಿ ವಿನ್ಸೆಂಟ್ ಗಾಡಿಯ ಬಗ್ಗೆ ಹೇಳಲೇಬೇಕು. ಫಿಲಿಪ್ ವಿನ್ಸೆಂಟ್ ಮತ್ತು ಎಂಜಿನಿಯರ್ ಫಿಲ್ ಇರ್ವಿಂಗ್ ಇಂಗ್ಲೆಂಡಿನ ಸ್ಟೀವನೇಜಿನಲ್ಲಿ ಕಟ್ಟಿದ ಈ ಗಾಡಿಗಳು ತಮ್ಮ ಕಾಲದ ಅತಿ ವೇಗದ ಮೋಟಾರ್‌ಸೈಕಲ್ಲುಗಳಾಗಿದ್ದವು. 1948ರಲ್ಲಿ ರೋಲಿ ಫ್ರೀ ಎಂಬ ಸವಾರ ಅಮೆರಿಕದ ಬಾನವಿಲ್ ಉಪ್ಪುಬಯಲಿನಲ್ಲಿ, ಈಜುಡುಗೆಯಲ್ಲಿ ಗಾಡಿಯ ಮೇಲೆ ಬೋರಲಾಗಿ ಮಲಗಿ, ಗಂಟೆಗೆ 150 ಮೈಲಿಯನ್ನು ದಾಟಿದ್ದು ಇದರ ಮೇಲೆ. ಕಂಪನಿಗೆ ಲಾಭ ದಕ್ಕಲಿಲ್ಲ. 1955ರ ಕೊನೆಯಲ್ಲಿ ಮೋಟಾರ್‌ಸೈಕಲ್ ತಯಾರಿಕೆ ನಿಂತಿತು. ಹೊಸ ಮಾದರಿಯಿಲ್ಲ, ಜಾಹೀರಾತಿಲ್ಲ, ಮಾರುವವರಿಲ್ಲ. ಆದರೆ 1948ರಲ್ಲೇ ಸವಾರರು ಕಟ್ಟಿಕೊಂಡಿದ್ದ ಮಾಲೀಕರ ಸಂಘ ಉಳಿಯಿತು. ಬಿಡಿಭಾಗಗಳು ಮುಗಿಯುತ್ತ ಬಂದಾಗ ಆ ಸಂಘದವರೇ ಅವನ್ನು ಮಾಡಿಸುವ ಒಂದು ಕಂಪನಿಯನ್ನು ಆರಂಭಿಸಿದರು. ಇಂದು ಯಾರದಾದರೂ ವಿನ್ಸೆಂಟಿನ ಕ್ಲಚ್ಚಿನ ಭಾಗವೊಂದು ಸವೆದರೆ ಹೊಸದನ್ನು ಅಲ್ಲಿಂದ ತರಿಸಿಕೊಳ್ಳುತ್ತಾರೆ. ಅದನ್ನು ಪೆಟ್ಟಿಗೆಗೆ ತುಂಬಿ ಕಳಿಸುವ ಸಂಸ್ಥೆಗೆ ಒಡೆಯರು ಆ ಗಾಡಿಗಳನ್ನು ಪ್ರೀತಿಸುವವರೇ.